ನಡುನುಡಿ

"ಚಿಕ್ಕಮ್ಮ, ಮೂವತ್ತೆರಡನೇ ಅಧ್ಯಾಯ ದಾಟಿದ ಮೇಲೆ ಸರಿಹೋಗುತ್ತಾ?"

ಫೋನ್ ಎತ್ತಿದ ಕೂಡಲೇ ಅಕ್ಕನ ಮಗಳು ಕೇಳಿದ್ದು ಇದು. ಹೇಗಿದ್ದೀಯ ಇಲ್ಲ, ಏನು ಸಮಾಚಾರ ಇಲ್ಲ. ಯಾವ ಪುಸ್ತಕದ ಮಾತು ಎಂದು ಹೊಳೆಯಲು ಒಂದು ಕ್ಷಣ ಬೇಕಾಯಿತು. ಹೊಳೆದ ಮೇಲೆ ಹೊಟ್ಟೆಯೊಳಗೆ ಸಣ್ಣಗೆ ಏನೋ ಜಾರಿತು. ಎರಡು ತಿಂಗಳ ಹಿಂದೆ ಅವಳು ನನ್ನ ಬಳಿ ಒಂದು ಪಟ್ಟಿ ಕೇಳಿದ್ದಳು. ದೊಡ್ಡ ದೊಡ್ಡವರೆಲ್ಲ ಹೊಗಳಿರಬೇಕು, ಆದರೆ ನಿಜವಾಗಿಯೂ ಓದುವಂತಿರಬೇಕು, ಕಥೆ ಕಾದಂಬರಿಯೂ ಇರಲಿ, ಕಥೆಯಲ್ಲದ್ದೂ ಇರಲಿ ಎಂದು. ನಾನು ಉತ್ಸಾಹದಿಂದ ಹತ್ತು ಪುಸ್ತಕ ಬರೆದು, ಒಂದೊಂದರ ಮುಂದೆಯೂ ಒಂದೊಂದು ಸಾಲು ಗೀಚಿ ಕಳಿಸಿದ್ದೆ. ಮೊದಲನೆಯದು ಹರ್ಮನ್ ಮೆಲ್ವಿಲ್ ಬರೆದ, ಬಿಳಿ ತಿಮಿಂಗಿಲದ ಬೆನ್ನುಹತ್ತಿದ ಹಡಗಿನ ಕಾದಂಬರಿ ‘ಮೊಬಿ ಡಿಕ್’. ಅದರ ಮುಂದೆ ಬರೆದದ್ದು: ಇದನ್ನು ಓದದೆ ಇರಬಾರದು.

ನಾನೇ ಅದನ್ನು ಓದಿಲ್ಲ. ಪೂರ್ತಿ ಸುಳ್ಳಲ್ಲ, ಮೂರು ಸಲ ಶುರುಮಾಡಿದ್ದೇನೆ. ಮೂರು ಸಲವೂ ನಿಂತದ್ದು ಒಂದೇ ಕಡೆ, 32ನೇ ಅಧ್ಯಾಯದಲ್ಲಿ. ಅಲ್ಲಿಯವರೆಗೆ ಹಡಗು, ಮಳೆ, ಅಪರಿಚಿತನ ಜೊತೆ ಹಾಸಿಗೆ ಹಂಚಿಕೊಳ್ಳಬೇಕಾಗಿ ಬಂದ ನಿರೂಪಕನ ಫಜೀತಿ, ಎಲ್ಲ ನಗು ತರಿಸುವಷ್ಟು ಚೆನ್ನಾಗಿಯೇ ಸಾಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಕಥೆ ಲಂಗರು ಹಾಕಿ, ತಿಮಿಂಗಿಲಗಳಲ್ಲಿ ಎಷ್ಟು ಬಗೆ, ಯಾವುದಕ್ಕೆ ಯಾವ ಬಾಲ ಎಂಬ ಪಾಠ ಹಿಡಿದುಕೊಳ್ಳುತ್ತದೆ. 135 ಅಧ್ಯಾಯಗಳ ಪುಸ್ತಕದ 32ನೆಯದರಲ್ಲಿ ನನ್ನ ಮೂರು ಬುಕ್‌ಮಾರ್ಕುಗಳು ಇವತ್ತಿಗೂ ಇವೆ. ಒಂದು ರೈಲು ಟಿಕೆಟ್ಟು, ಒಂದು ಔಷಧಿ ಚೀಟಿ, ಒಂದು ಬರೀ ಮಡಚಿದ ಮೂಲೆ.

"ಸರಿಹೋಗುತ್ತೆ. ಸ್ವಲ್ಪ ತಾಳ್ಮೆ ಬೇಕಷ್ಟೆ," ಅಂದೆ. ಎಷ್ಟು ಮಾಗಿದ ದನಿಯಲ್ಲಿ ಅಂದೆನೆಂದರೆ, ನಾನೇ ಅರೆಗಳಿಗೆ ನಂಬಿಬಿಟ್ಟೆ.

"ಸ್ವಲ್ಪ ಅಂದ್ರೆ? ಎಷ್ಟು ಪುಟ?"

ಬಾಗಿಲಲ್ಲಿ ಯಾರೋ ಬಂದಂತಿದೆ ಎಂದು ಫೋನ್ ಇಟ್ಟೆ. ಯಾರೂ ಬಂದಿರಲಿಲ್ಲ.

ಇದು ದೊಡ್ಡ ಪಾಪವೇನಲ್ಲ, ಗೊತ್ತು. ಓದದ ಪುಸ್ತಕವನ್ನು ಹೊಗಳದವರು ನಮ್ಮ ನಡುವೆ ಎಷ್ಟು ಜನ ಇದ್ದಾರು? ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾರೋ ಮುಗಿಸಿದವರಿಂದ ಹೊಗಳಿಕೆಯನ್ನು ಕೈಗಡ ತಂದು, ಅದನ್ನು ಅವಳಿಗೆ ಬಡ್ಡಿಗೆ ಕೊಟ್ಟಂತಾಗಿತ್ತು. ಈಗ ಅವಳು ಅಸಲಿನ ಲೆಕ್ಕ ಕೇಳುತ್ತಿದ್ದಳು.

ಬೆನ್ನುಡಿಯ ಪದಕೋಶ

ಆ ರಾತ್ರಿ ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕ ತಿರುಗಿಸಿ ಬೆನ್ನುಡಿ ಓದುತ್ತಾ ಹೋದೆ. ನಮ್ಮ ಬೆನ್ನುಡಿಗಳಿಗೆ ಅವುಗಳದ್ದೇ ಒಂದು ಪುಟ್ಟ ಪದಕೋಶವಿದೆ: ಕಾಡುವ, ಕಲಕುವ, ತಟ್ಟುವ, ಅನನ್ಯ, ಹೊಸ ಸಂವೇದನೆಯ, ದಟ್ಟ ಅನುಭವದ, ಮೇರು. (‘ಕಾಡುವ ಕಥನ’ ಎಂಬರ್ಥದ ಮಾತು ಏಳು ಪುಸ್ತಕಗಳ ಮೇಲೆ ಸಿಕ್ಕಿತು. ಏಳರಲ್ಲಿ ನನ್ನನ್ನು ನಿಜಕ್ಕೂ ಕಾಡಿದ್ದು ಒಂದು. ಅದೂ ಲೈಬ್ರರಿಗೆ ವಾಪಸ್ ಕೊಡದೆ ಉಳಿಸಿಕೊಂಡಿದ್ದಕ್ಕೆ.) ಇಂಗ್ಲಿಷ್ ಪುಸ್ತಕಗಳದ್ದು ಬೇರೆ ಪದ, ಅದೇ ಪಾಡು. ಈ ಮಾತುಗಳು ಸುಳ್ಳೆಂದು ನಾನು ಹೇಳುತ್ತಿಲ್ಲ, ಬಹಳಷ್ಟು ನಿಜವೇ ಇರಬಹುದು. ನನಗೆ ಹೊಳೆದದ್ದು ಬೇರೆ. ಇವೆಲ್ಲವೂ ಪುಸ್ತಕ ಮುಚ್ಚಿಟ್ಟವರ ಮಾತುಗಳು. ಬೆಟ್ಟದ ತುದಿಯಲ್ಲಿ ನಿಂತವರು ಕೆಳಗಿನವರನ್ನು ಕೂಗಿ "ಇಲ್ಲಿಂದ ನೋಟ ಎಷ್ಟು ಚೆನ್ನಾಗಿದೆ ಬನ್ನಿ" ಎನ್ನುತ್ತಾರೆ. ಅದು ದಿಟವೇ. ಆದರೆ ಮೊಣಕಾಲು ಹಿಡಿದು ಅರ್ಧದಾರಿಯಲ್ಲಿ ಕೂತವನಿಗೆ ಬೇಕಾದದ್ದು ನೋಟದ ವರ್ಣನೆಯಲ್ಲ. ಮುಂದೆ ನೀರು ಎಲ್ಲಿದೆ, ಈ ಕಡಿದಾದ ದಾರಿ ಇನ್ನೆಷ್ಟು ದೂರ ಎಂಬುದು.

ನಮ್ಮಲ್ಲಿ ಮುನ್ನುಡಿ ಇದೆ, ಬೆನ್ನುಡಿ ಇದೆ, ಹಿನ್ನುಡಿ, ಅರಿಕೆ, ‘ಎರಡು ಮಾತು’ ಎಂಬ ಹೆಸರಿನ ಹದಿನಾಲ್ಕು ಪುಟ, ಎಲ್ಲ ಇವೆ. ನಡುನುಡಿ ಮಾತ್ರ ಇಲ್ಲ.

ಅಂಥದ್ದೊಂದು ನನಗೆ ಒಮ್ಮೆ ಸಿಕ್ಕಿತ್ತು, ಆಗ ಅದರ ಬೆಲೆ ಗೊತ್ತಾಗಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿದುಕೊಂಡು ಒದ್ದಾಡುತ್ತಿದ್ದೆ. 1967ರಲ್ಲಿ ಬಂದ, 700 ಪುಟ ಮೀರುವ ಆ ಕಾದಂಬರಿಯಲ್ಲಿ ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಕಲ್ಲೂರು ಎಂದು ಮನೆಗಳ ಮೇಲೆ ಮನೆ, ಜನರ ಮೇಲೆ ಜನ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ವಂಶವೃಕ್ಷ ಬರೆಯಲು ಹೋಗಿ, ಅದು ಬೇಲಿಯ ಪೊದೆಯ ಹಾಗಾಗಿ, ಕೈಬಿಟ್ಟಿದ್ದೆ. ಅದನ್ನು ನೋಡಿದ ನಮ್ಮ ಮೇಡಂ ಒಬ್ಬರು ಹೇಳಿದ್ದು ಇಷ್ಟು: "ಯಾರು ಯಾರ ಮನೆಯವರು ಅಂತ ಈಗಲೇ ಯಾಕೆ ತಲೆ ಕೆಡಿಸಿಕೊಳ್ತೀಯ? ಸುಮ್ಮನೆ ಗುತ್ತಿ ಮತ್ತು ಅವನ ನಾಯಿಯ ಹಿಂದೆ ನಡಿ. ಮಿಕ್ಕವರೆಲ್ಲ ಅಲ್ಲೇ ಸಿಗ್ತಾರೆ." ಹಾಗೇ ನಡೆದೆ. ಆ ನಾಯಿ, ಹುಲಿಯ, ಮೂಸುತ್ತಾ ಹೋದ ಕಡೆಗೆಲ್ಲ ನಾನೂ ಹೋದೆ. ಎರಡು ವಾರದಲ್ಲಿ ಪುಸ್ತಕ ಮುಗಿದಿತ್ತು. ಆ ಕಾದಂಬರಿಯ ಮೇಲೆ ಬಂದ ವಿಮರ್ಶೆಗಳನ್ನು ಆಮೇಲೆ ಬೇಕಾದಷ್ಟು ಓದಿದ್ದೇನೆ. ಅವುಗಳಿಂದ ಕಲಿತದ್ದೂ ಇದೆ. ಆದರೆ ನನ್ನನ್ನು ಆ ಕಾಡಿನೊಳಗೆ ನಡೆಸಿಕೊಂಡು ಹೋದದ್ದು ಒಂದು ನಾಯಿಯ ಬಾಲ.

ಪ್ರಶಸ್ತಿ ಕೊಡುವವರ ಓದು ಇನ್ನೊಂದು ವಿಚಿತ್ರ. ಬೂಕರ್ ತೀರ್ಪುಗಾರರು ಒಂದು ವರ್ಷಕ್ಕೆ ಸುಮಾರು 150 ಪುಸ್ತಕ ಓದುತ್ತಾರೆ, ಅದೂ ಕೆಲವೇ ತಿಂಗಳಲ್ಲಿ. ಒಂದೂವರೆ ದಿನಕ್ಕೊಂದು ಕಾದಂಬರಿ ಎಂದಾಯಿತು. ಹಾಗೆ ಓದಲು ಬೇರೆಯೇ ಶ್ವಾಸಕೋಶ ಬೇಕು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಆ ವೇಗದಲ್ಲಿ ಓಡುವವರಿಗೆ ರಸ್ತೆಯ ಗುಂಡಿ ಕಾಣುವ ಬಗೆಯೇ ಬೇರೆ. ನಾನು ದಿನಕ್ಕೆ ಹನ್ನೆರಡು ಪುಟ ಓದುವವಳು, ಅದರಲ್ಲೂ ಮೂರು ಪುಟ ನಿದ್ದೆಗಣ್ಣಲ್ಲಿ. ನನ್ನ ಪುಸ್ತಕವೂ ಅವರ ಪುಸ್ತಕವೂ ಒಂದೇ ಅಲ್ಲ.

ಕಥಾಸಂಕಲನಗಳಿಗೆ ಈ ಕಷ್ಟ ಅಷ್ಟಿಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಇಂಟರ್‌ನ್ಯಾಷನಲ್ ಬೂಕರ್ ಪಡೆದಾಗ, ಕನ್ನಡಕ್ಕೆ ಮೊದಲು, ಸಣ್ಣಕಥೆಗಳಿಗೂ ಮೊದಲು ಎಂದು ನಾವೆಲ್ಲ ಬೀಗಿದೆವು. ನಾನು ಬೀಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹನ್ನೆರಡೇ ಕಥೆ. ಒಂದರಲ್ಲಿ ಕಾಲು ಸಿಕ್ಕಿಕೊಂಡರೆ ಪಕ್ಕದ ಕಥೆಯ ಬಾಗಿಲು ತಟ್ಟಬಹುದು. ನಡುವಲ್ಲಿ ಸಿಕ್ಕಿಬಿದ್ದವಳೆಂಬ ನಾಚಿಕೆ ಇಲ್ಲ.

ಅವನಿಗೆ ಪ್ರಮೋಷನ್ ಸಿಕ್ತಾ?

ಹೊಗಳಿಕೆಯಿಂದ ಶುರುವಾಗಿ ಹೊಗಳಿಕೆಯನ್ನು ಮರೆಸಿಬಿಟ್ಟ ಒಂದು ಓದು ನನಗೆ ನೆನಪಿದೆ. ಅದು ನನ್ನೊಬ್ಬಳ ಓದಾಗಿರಲಿಲ್ಲ, ಅದಕ್ಕೇ ಇರಬೇಕು.

ಅಪ್ಪ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಪ್ರಾಣಕ್ಕೇನೂ ಅಪಾಯವಿಲ್ಲ, ಆದರೆ ಕಾಲು ಅಲ್ಲಾಡಿಸುವಂತಿಲ್ಲ. ನಾನು ಜೊತೆಗೆ ಒಯ್ದಿದ್ದ ಪುಸ್ತಕ ಜಾನ್ ವಿಲಿಯಮ್ಸ್ ಬರೆದ ‘ಸ್ಟೋನರ್’. ಒಯ್ದದ್ದಕ್ಕೆ ಕಾರಣ ಅದರ ಸುತ್ತಲಿನ ದಂತಕಥೆ. 1965ರಲ್ಲಿ ಅಮೆರಿಕದಲ್ಲಿ ಅಚ್ಚಾಗಿ, 2,000 ಪ್ರತಿಯೂ ಹೋಗದೆ, ಒಂದು ವರ್ಷದಲ್ಲೇ ಅಂಗಡಿಗಳಿಂದ ಮಾಯವಾದ ಪುಸ್ತಕ. ಬರೆದವರು 1994ರಲ್ಲಿ ತೀರಿಕೊಂಡರು. 2006ರಲ್ಲಿ ಮರುಮುದ್ರಣವಾಯಿತು, 2011ರಲ್ಲಿ ಫ್ರೆಂಚ್ ಕಾದಂಬರಿಕಾರ್ತಿ ಆನಾ ಗಾವಾಲ್ಡಾ ಅದನ್ನು ತಮ್ಮ ಭಾಷೆಗೆ ತಂದರು. ಆಮೇಲೆ ಯುರೋಪಿನ ತುಂಬ ಕೈಯಿಂದ ಕೈಗೆ ಹರಿದಾಡಿತು. ವಿಮರ್ಶಕರು ಅದನ್ನು ಕರೆದದ್ದು ‘ಪರಿಪೂರ್ಣ ಕಾದಂಬರಿ’ ಎಂದು. ಇಂಥ ಮಾತು ಕೇಳಿದ ಮೇಲೆ ಯಾರಾದರೂ ಪುಸ್ತಕವನ್ನು ಸಹಜವಾಗಿ ಓದಲು ಸಾಧ್ಯವೇ? ಮೊದಲ ಇಪ್ಪತ್ತು ಪುಟ ಓದಿದ್ದು ತೂಕದ ಕಲ್ಲು ಕೈಯಲ್ಲಿ ಹಿಡಿದ ಹಾಗೆ. ಎಲ್ಲಿದೆ ಪರಿಪೂರ್ಣತೆ, ಇನ್ನೂ ಬಂದಿಲ್ಲವಲ್ಲ, ಎಂದು.

ಮೂರನೇ ದಿನ ಅಪ್ಪ ಕೇಳಿದರು: "ಏನದು ಕಥೆ?"

ಅಪ್ಪ ಕಾದಂಬರಿ ಓದುವವರಲ್ಲ. ಪೇಪರನ್ನು ಮೊದಲ ಸಾಲಿನಿಂದ ಮುದ್ರಕರ ಹೆಸರಿನವರೆಗೆ ಓದುವವರು. ನಾನು ಹೇಳಿದೆ: ಹೊಲದಲ್ಲಿ ಗೇಯುವ ಅಪ್ಪ ಅಮ್ಮನ ಒಬ್ಬನೇ ಮಗ. ವ್ಯವಸಾಯ ಕಲಿಯಲಿ ಎಂದು ಯೂನಿವರ್ಸಿಟಿಗೆ ಕಳಿಸುತ್ತಾರೆ. ಅಲ್ಲಿ ಒಂದು ದಿನ ಮೇಷ್ಟರು ಶೇಕ್ಸ್‌ಪಿಯರನ ಒಂದು ಸಾನೆಟ್ ಓದಿ, ಇದು ನಿನಗೆ ಕೇಳಿಸುತ್ತಿದೆಯಾ ಎಂದು ಇವನನ್ನು ಕೇಳುತ್ತಾರೆ. ಇವನಿಗೆ ಬಾಯಿ ಬರುವುದಿಲ್ಲ. ಆದರೆ ವ್ಯವಸಾಯ ಬಿಟ್ಟು ಸಾಹಿತ್ಯಕ್ಕೆ ಬರುತ್ತಾನೆ. ಅಲ್ಲೇ ಮೇಷ್ಟರಾಗುತ್ತಾನೆ, 1956ರಲ್ಲಿ ಸಾಯುವವರೆಗೂ ಅಲ್ಲೇ ಇರುತ್ತಾನೆ.

"ಸಾಯ್ತಾನೆ ಅಂತ ಈಗಲೇ ಹೇಳಿಬಿಟ್ಯಲ್ಲ."

"ಮೊದಲ ಪುಟದಲ್ಲೇ ಬರೆದುಬಿಟ್ಟಿದ್ದಾರಪ್ಪ. ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಯಿಂದ ಮೇಲೆ ಏರಲೇ ಇಲ್ಲ, ಸತ್ತ ಮೇಲೆ ಅವನನ್ನು ಹೆಚ್ಚು ಜನ ನೆನಪಿಟ್ಟುಕೊಳ್ಳಲೂ ಇಲ್ಲ ಅಂತ."

ಅಪ್ಪ ಸೀಲಿಂಗ್ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಯಾಕೆ ಪ್ರಮೋಷನ್ ಕೊಡಲಿಲ್ಲ?"

ಆಗ ನನಗೂ ಗೊತ್ತಿರಲಿಲ್ಲ. ಅಪ್ಪನಿಗೆ ಆ ಪ್ರಶ್ನೆ ಯಾಕೆ ಮುಖ್ಯ ಎಂಬುದು ಮಾತ್ರ ಗೊತ್ತಿತ್ತು. ಅವರ ಮೂವತ್ತೊಂದು ವರ್ಷದ ನೌಕರಿಯಲ್ಲಿ, ಬರಬೇಕಾದ ಒಂದು ಬಡ್ತಿ ಬರಲಿಲ್ಲ. ಅದರ ಕಥೆ ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಹೇಳಿದ್ದಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಅವತ್ತಿನಿಂದ ದಿನಾ ಸಂಜೆ, ಅವತ್ತು ಓದಿದ್ದಷ್ಟನ್ನು ನಾನು ಕನ್ನಡದಲ್ಲಿ ಹೇಳಬೇಕು, ಅವರು ವಿಚಾರಣೆ ನಡೆಸಬೇಕು. ನಾನು ಅಳುತ್ತಾ ಓದಿದ ಭಾಗಗಳು, ಸ್ಟೋನರನ ಮನೆಯೊಳಗಿನ ಮೌನ ಯುದ್ಧ, ಅಪ್ಪನಿಂದ ದೂರವಾಗುತ್ತಾ ಹೋಗುವ ಮಗಳು, ಇವೆಲ್ಲ ಅವರಿಗೆ ‘ಹೂಂ’. ಇಲಾಖೆಯೊಳಗಿನ ಜಗಳ ಬಂತು ನೋಡಿ, ಅಪ್ಪ ತಲೆದಿಂಬು ಸರಿಮಾಡಿಸಿಕೊಂಡು ಕೂತರು.

ಜಗಳ ಇಷ್ಟೇ. ಲೋಮ್ಯಾಕ್ಸ್ ಎಂಬ ಸಹೋದ್ಯೋಗಿಯ ಮೆಚ್ಚಿನ ಶಿಷ್ಯನೊಬ್ಬ ಮಾತಿನ ಮಲ್ಲ, ಓದಿಕೊಂಡವನಲ್ಲ. ಮೌಖಿಕ ಪರೀಕ್ಷೆಯಲ್ಲಿ ಸ್ಟೋನರ್ ಅವನನ್ನು ಪಾಸು ಮಾಡಲು ಒಪ್ಪುವುದಿಲ್ಲ. ಅದೇ ಲೋಮ್ಯಾಕ್ಸ್ ಮುಂದೆ ವಿಭಾಗದ ಮುಖ್ಯಸ್ಥನಾಗುತ್ತಾನೆ. ಮುಂದಿನದು ಊಹಿಸಬಹುದು. ಬೆಳಗ್ಗೆ ಒಂದು ಕ್ಲಾಸು, ಸಂಜೆ ಒಂದು ಕ್ಲಾಸು, ಅದೂ ಹೊಸ ಹುಡುಗರಿಗೆ ವ್ಯಾಕರಣ ತಿದ್ದುವ ಕ್ಲಾಸು, ವರ್ಷಗಟ್ಟಲೆ.

"ಪಾಸ್ ಮಾಡಿಬಿಡಬೇಕಿತ್ತು," ಅಂದರು ಅಪ್ಪ ಮೊದಲ ದಿನ.

ಮಾರನೇ ದಿನ ಬೆಳಗ್ಗೆ, ನರ್ಸ್ ಬಿ.ಪಿ. ನೋಡುತ್ತಿರುವಾಗ, ನನ್ನ ಕಡೆ ತಿರುಗಿ: "ಇಲ್ಲ, ಮಾಡಬಾರದಾಗಿತ್ತು."

ಸ್ಟೋನರ್ ಕೊನೆಗೆ ಒಂದು ಉಪಾಯ ಹೂಡುತ್ತಾನೆ. ಆ ಹೊಸ ಹುಡುಗರ ವ್ಯಾಕರಣದ ಕ್ಲಾಸಿನಲ್ಲೇ ಕೂತು, ಅವರಿಗೆ ತಲೆಬುಡ ತಿಳಿಯದ ಮಧ್ಯಯುಗದ ಸಾಹಿತ್ಯ ಪಾಠ ಮಾಡತೊಡಗುತ್ತಾನೆ. ದೂರು ಹೋಗುತ್ತದೆ. ಮುಖ್ಯಸ್ಥನಿಗೆ ಬೇರೆ ದಾರಿಯಿಲ್ಲದೆ, ಇವನ ಹಳೆಯ ಕ್ಲಾಸು ಇವನಿಗೆ ಮರಳುತ್ತದೆ. ಅದನ್ನು ಹೇಳಿದ ಸಂಜೆ ಅಪ್ಪ ನಕ್ಕ ನಗುವಿಗೆ ಪಕ್ಕದ ಮಂಚದವರು ಎದ್ದು ಕೂತರು. ಅವರಿಗೂ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಅವರು ಕೇಳಿದ್ದೂ ಅದೇ ಪ್ರಶ್ನೆ: ಕೊನೆಗೆ ಪ್ರಮೋಷನ್ ಸಿಕ್ತಾ?

ಯಾವ ವಿಮರ್ಶೆಯೂ ಆ ಕಾದಂಬರಿಯನ್ನು ಆಫೀಸಿನ ಕಥೆ ಎಂದದ್ದನ್ನು ನಾನು ಕಂಡಿಲ್ಲ. ಘನತೆ, ಏಕಾಂತ, ಸೋಲಿನೊಳಗಿನ ಬೆಳಕು, ಇಂಥವೇ ಮಾತುಗಳು. ಎಲ್ಲ ನಿಜ. ಆದರೆ ನನಗೆ ಆ ಪುಸ್ತಕದ ಬಾಗಿಲು ತೆರೆದದ್ದು ಆ ಬಡ್ತಿಯ ಪ್ರಶ್ನೆ. ಅದನ್ನು ಕೇಳಿದ ಮೇಲೆ ನಾನೂ ತೂಕದ ಕಲ್ಲು ಕೆಳಗಿಟ್ಟು, ಮುಂದೇನಾಯಿತು ಎಂದು ಓದತೊಡಗಿದೆ. ಈಗಲೂ ಯಾರದ್ದಾದರೂ ಕಚೇರಿಯ ರಾಮಾಯಣ ಕಿವಿಗೆ ಬಿದ್ದರೆ ಅಪ್ಪ, "ನಿನ್ನ ಆ ಅಮೆರಿಕದ ಮೇಷ್ಟರ ಹಾಗೆ," ಅನ್ನುತ್ತಾರೆ. ಲೇಖಕರ ಹೆಸರನ್ನು ಅವರು ಒಮ್ಮೆಯೂ ಕೇಳಲಿಲ್ಲ.

ಓದ‘ಲೇ’ಬೇಕಾದ

ಕಾದಂಬರಿಗಾದರೆ ‘ಓದಬೇಕಾದ’ ಅನ್ನುತ್ತೇವೆ. ಕಥೆಯಲ್ಲದ ಪುಸ್ತಕಕ್ಕೆ ಬಂದಾಗ ನಡುವೆ ಒಂದು ‘ಲೇ’ ಬಂದು ಕೂರುತ್ತದೆ. ಓದಲೇಬೇಕಾದ. ಅಣುಬಾಂಬು, ಬರ, ಗಲಭೆ, ಜೈಲು, ಇವುಗಳ ಬಗೆಗಿನ ಪುಸ್ತಕ ಓದುವುದು ಕರ್ತವ್ಯ, ಓದದಿರುವುದು ಜವಾಬ್ದಾರಿಗೇಡಿತನ. ಆ ‘ಲೇ’ ನನ್ನ ಕಪಾಟಿನಲ್ಲಿ ಎಷ್ಟು ಒಳ್ಳೆಯ ಪುಸ್ತಕಗಳಿಗೆ ಧೂಳು ಹಿಡಿಸಿದೆಯೆಂದರೆ, ಲೆಕ್ಕ ಹಾಕಲು ಹೆದರಿಕೆ.

ಜಾನ್ ಹರ್ಸಿಯ ‘ಹಿರೋಷಿಮಾ’ವನ್ನು ಹೀಗೇ ಹನ್ನೆರಡು ವರ್ಷ ಮುಂದೂಡಿದ್ದೆ. ಅದರ ಬಗ್ಗೆ ಎಲ್ಲರೂ ಹೇಳುವ ಕಥೆ ನನಗೂ ಗೊತ್ತಿತ್ತು. 1946ರ ಆಗಸ್ಟ್ 31ರ ನ್ಯೂಯಾರ್ಕರ್ ಪತ್ರಿಕೆ ತನ್ನ ಇಡೀ ಸಂಚಿಕೆಯನ್ನು ಆ ಒಂದು ಬರಹಕ್ಕೆ ಬಿಟ್ಟುಕೊಟ್ಟದ್ದು, ಮುಖಪುಟದಲ್ಲಿ ಮಾತ್ರ ಪಾರ್ಕಿನಲ್ಲಿ ಬೇಸಿಗೆಯ ಬಿಡುವು ಸವಿಯುವ ಜನರ ಚಿತ್ರವಿದ್ದದ್ದು, ಬಾಂಬಿನಿಂದ ಬದುಕುಳಿದ ಆರು ಜನರ ಬೆನ್ನುಹತ್ತಿ ಬರೆದದ್ದು. ಇಷ್ಟೆಲ್ಲ ಗೊತ್ತಿದ್ದ ಮೇಲೆ ಓದಿದಂತೆಯೇ ಅಲ್ಲವೇ ಎಂಬ ಭಾವನೆ. ಕೊನೆಗೆ ಓದಿದ್ದು ಒಂದು ಮಧ್ಯಾಹ್ನ ಕರೆಂಟು ಹೋಗಿ ಬೇರೇನೂ ಮಾಡಲಾಗದೆ. ಎದೆ ಬಡಿದುಕೊಳ್ಳುವ ಬರವಣಿಗೆ ಇರುತ್ತದೆ ಎಂದು ಗಟ್ಟಿಮಾಡಿಕೊಂಡು ಕೂತರೆ, ಅಲ್ಲಿ ಇದ್ದದ್ದು ಗಡಿಯಾರದ ಹಾಗೆ ತಣ್ಣಗೆ ನಡೆಯುವ ವಾಕ್ಯಗಳು. ಬೆಳಗ್ಗೆ 8.15ಕ್ಕೆ ಯಾರು ಎಲ್ಲಿ ಕೂತಿದ್ದರು, ಯಾರ ಕೈಯಲ್ಲಿ ಏನಿತ್ತು. ತವರದ ಕಾರ್ಖಾನೆಯ ಗುಮಾಸ್ತೆ ಮಿಸ್ ಸಸಾಕಿ ಪಕ್ಕದ ಮೇಜಿನ ಹುಡುಗಿಯೊಡನೆ ಮಾತಾಡಲು ತಲೆ ತಿರುಗಿಸಿದಳು, ಅಷ್ಟೆ. ಅವಳ ಹಿಂದಿದ್ದ ಕಾರ್ಖಾನೆಯ ಗ್ರಂಥಾಲಯದ ಕಪಾಟುಗಳು ಅವಳ ಮೇಲೆ ಉರುಳಿದವು. ಅಣುಯುಗದ ಮೊದಲ ಕ್ಷಣದಲ್ಲಿ ಒಬ್ಬ ಮನುಷ್ಯಳು ಪುಸ್ತಕಗಳಡಿ ನಜ್ಜುಗುಜ್ಜಾದಳು ಎಂಬರ್ಥದ ಒಂದು ವಾಕ್ಯದಲ್ಲಿ ಹರ್ಸಿ ಅದನ್ನು ಹೇಳಿ ಮುಂದೆ ಹೋಗಿಬಿಡುತ್ತಾರೆ. ನಾನು ಮುಂದೆ ಹೋಗಲಾರದೆ ನನ್ನ ಕಪಾಟನ್ನೇ ನೋಡುತ್ತಾ ಕೂತೆ. ಹನ್ನೆರಡು ವರ್ಷ ಈ ಪುಸ್ತಕದ ಬಗ್ಗೆ ಕೇಳಿದ್ದೇನೆ, ಆ ಕಪಾಟಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವತ್ತೇ ಓದುತ್ತಿದ್ದೆ.

ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಅವರ ಚೆರ್ನೋಬಿಲ್ ಪುಸ್ತಕದ ಕಥೆ ಇದಕ್ಕೆ ತದ್ವಿರುದ್ಧ. 1997ರಲ್ಲಿ ರಷ್ಯನ್ ಭಾಷೆಯಲ್ಲಿ ಬಂದದ್ದು, 2015ರಲ್ಲಿ ಲೇಖಕಿಗೆ ನೊಬೆಲ್ ಬಂದ ಮೇಲೆ ನನ್ನಂಥವರ ಕೈಗೂ ತಲುಪಿದ್ದು. ಮೊದಲ ದನಿಯೇ ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯೊಬ್ಬನ ಹೆಂಡತಿಯದ್ದು. ಇನ್ನೂ ಹೊಸ ಮದುವೆ, ಹೊಟ್ಟೆಯಲ್ಲಿ ಮಗು. ಅವನು ಹದಿನಾಲ್ಕು ದಿನ ಸಾಯುತ್ತಾನೆ. ‘ಸಾಯುತ್ತಾನೆ’ ಎಂಬ ಕ್ರಿಯಾಪದ ಹದಿನಾಲ್ಕು ದಿನ ಎಳೆಯಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಅವನನ್ನು ಮುಟ್ಟಬೇಡ, ಅವನೀಗ ನಿನ್ನ ಗಂಡನಲ್ಲ, ವಿಕಿರಣದ ವಸ್ತು ಎಂದು ಅವಳಿಗೆ ಹೇಳುತ್ತಾರೆ. ಅವಳು ಮುಟ್ಟುತ್ತಾಳೆ. ಅಷ್ಟು ಓದಿ ಪುಸ್ತಕವನ್ನು ಬೀರುವಿನ ಮೇಲೆ, ಸುಲಭಕ್ಕೆ ಕೈಗೆಟುಕದ ಕಡೆ, ಬೋರಲು ಇಟ್ಟೆ. ಮತ್ತೆ ತೆಗೆದದ್ದು ನಾಲ್ಕು ತಿಂಗಳ ಮೇಲೆ.

ಇಲ್ಲಿ ಒಂದು ತಮಾಷೆಯ ಲೆಕ್ಕ ನೆನಪಾಗುತ್ತದೆ. ಗಣಿತಜ್ಞ ಜೋರ್ಡನ್ ಎಲೆನ್‌ಬರ್ಗ್ 2014ರಲ್ಲಿ, ಕಿಂಡಲ್ ಎಂಬ ಇ-ಪುಸ್ತಕದ ಯಂತ್ರದಲ್ಲಿ ಓದುವವರು ಹೆಚ್ಚಾಗಿ ಗೆರೆ ಎಳೆದ ಸಾಲುಗಳು ಪುಸ್ತಕದ ಯಾವ ಪುಟದಲ್ಲಿವೆ ಎಂದು ನೋಡಿ, ಜನ ಎಲ್ಲಿಯವರೆಗೆ ಓದುತ್ತಾರೆಂದು ಅಂದಾಜು ಮಾಡಿದರು. ಅರ್ಧ ತಮಾಷೆಯ ಆ ಅಳತೆಗೆ ಹಾಕಿಂಗ್ ಸೂಚ್ಯಂಕ ಎಂದು ಹೆಸರಿಟ್ಟರು. ಕಾಲದ ಚರಿತ್ರೆ ಬರೆದ ಹಾಕಿಂಗ್ ಅವರಿಗೆ ಬಂದದ್ದು ಶೇಕಡಾ 6.6. ಆ ವರ್ಷ ಎಲ್ಲರ ಬಾಯಲ್ಲಿದ್ದ ತೋಮಾ ಪಿಕೆಟಿಯ ಬಂಡವಾಳದ ಮೇಲಿನ ದಪ್ಪ ಪುಸ್ತಕಕ್ಕೆ 2.4. ಡೊನಾ ಟಾರ್ಟ್ ಅವರ ‘ದಿ ಗೋಲ್ಡ್‌ಫಿಂಚ್’ ಕಾದಂಬರಿಗೆ ಮಾತ್ರ 98.5. ಓದಿ ನಾನೂ ನಕ್ಕಿದ್ದೇನೆ. ಆದರೆ ಆ ಸೂಚ್ಯಂಕದ ಕಣ್ಣಿಗೆ ನನ್ನ ತಿಮಿಂಗಿಲವೂ ಒಂದೇ, ಚೆರ್ನೋಬಿಲ್ಲಿನ ಆ ಹೆಂಡತಿಯೂ ಒಂದೇ. ಬೇಸರದಿಂದ ನಿಂತದ್ದಕ್ಕೂ, ಇನ್ನು ತಡೆಯಲಾರೆ ಎಂದು ನಿಂತದ್ದಕ್ಕೂ ಅದರಲ್ಲಿ ಬೇರೆ ಬೇರೆ ಅಂಕಣವಿಲ್ಲ.

ಲೆಕ್ಕದ ಮಾತು ಬಂದಿದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಬಲಾಜ್ ಕೊವಾಚ್ ಮತ್ತು ಅಮಾಂಡಾ ಶಾರ್ಕಿ ಎಂಬ ಸಂಶೋಧಕರು 2014ರಲ್ಲಿ, ಪ್ರಶಸ್ತಿ ಗೆದ್ದ ಪುಸ್ತಕಗಳನ್ನೂ ಅದೇ ಪಟ್ಟಿಯಲ್ಲಿದ್ದು ಗೆಲ್ಲದ ಪುಸ್ತಕಗಳನ್ನೂ ಜೋಡಿಯಾಗಿಟ್ಟು, 38,000ಕ್ಕೂ ಹೆಚ್ಚು ಓದುಗರ ಅಭಿಪ್ರಾಯಗಳನ್ನು ತೂಗಿ ನೋಡಿದರು. ಪ್ರಶಸ್ತಿ ಬಂದ ಮೇಲೆ ಓದುಗರ ಸಂಖ್ಯೆ ಏರಿತು, ಅವರು ಕೊಡುವ ಅಂಕ ಇಳಿಯಿತು. ತಮ್ಮ ರುಚಿಗೆ ಸೇರದ ಪುಸ್ತಕವನ್ನು ಪ್ರಶಸ್ತಿಯ ಮಾತಿಗೆ ಎತ್ತಿಕೊಂಡವರು ಹೆಚ್ಚಾದರು ಎಂಬುದು ಅವರು ಕೊಡುವ ಒಂದು ಕಾರಣ. ಅಂದರೆ, ನನ್ನಂಥವಳ ಪಟ್ಟಿ ನೋಡಿ ಓದಿದವರು.

ಹೊಗಳಿಕೆ ಪುಸ್ತಕಕ್ಕಿಂತ ಹೆಚ್ಚಾಗಿ ಹೆಸರಿಗೆ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಫ್ರೆಂಚ್ ಕಾದಂಬರಿಕಾರ ರೊಮೇನ್ ಗ್ಯಾರಿಯ ಪ್ರಸಂಗ ಇದೆಯಲ್ಲ, ಅದು ನನಗೆ ಬಲು ಇಷ್ಟ. ಒಬ್ಬರಿಗೆ ಒಮ್ಮೆ ಮಾತ್ರ ಕೊಡುವ ಫ್ರೆಂಚರ ಗೊಂಕೂರ್ ಪ್ರಶಸ್ತಿಯನ್ನು ಆ ಮಹಾರಾಯ ಎರಡು ಸಲ ಗಿಟ್ಟಿಸಿದ. 1956ರಲ್ಲಿ ಸ್ವಂತ ಹೆಸರಲ್ಲಿ, 1975ರಲ್ಲಿ ಎಮಿಲ್ ಅಜಾರ್ ಎಂಬ ಸುಳ್ಳು ಹೆಸರಲ್ಲಿ. ಗ್ಯಾರಿಯ ಕಾಲ ಮುಗಿಯಿತು ಎನ್ನುತ್ತಿದ್ದ ಕಾಲದಲ್ಲೇ ಅಜಾರ್ ಹೊಸ ಪ್ರತಿಭೆಯಾಗಿ ಮೆರೆದ. ಹೆಸರಾಂತ ಬ್ರಿಟಿಷ್ ಕಾದಂಬರಿಕಾರ್ತಿ ಡೋರಿಸ್ ಲೆಸ್ಸಿಂಗ್ ಇದರ ಇನ್ನೊಂದು ಮಗ್ಗುಲನ್ನು ಪರೀಕ್ಷಿಸಿದರು. ಜೇನ್ ಸೋಮರ್ಸ್ ಎಂಬ ಹೆಸರಿಟ್ಟು ಕಾದಂಬರಿ ಕಳಿಸಿದರೆ, ಅವರದೇ ಪ್ರಕಾಶಕರು ಅದನ್ನು ಬೇಡವೆಂದು ತಿರುಗಿಸಿದರು. ಬೇರೆಯವರ ಮೂಲಕ ಅದು 1983ರಲ್ಲಿ ಹೊರಬಂತು.

ತಿಮಿಂಗಿಲಗಳ ಗ್ರಂಥಾಲಯ

ಒಂದು ವಾರ ಒದ್ದಾಡಿ, ಕೊನೆಗೆ ನಾನೇ ಅವಳಿಗೆ ಫೋನ್ ಮಾಡಿದೆ. "ನಾನೂ 32ನೇ ಅಧ್ಯಾಯ ದಾಟಿಲ್ಲ ಕಣೆ."

ಆ ಕಡೆ ಮೌನ. ಆಮೇಲೆ: "ಆ ಪಟ್ಟಿಯಲ್ಲಿ ಇನ್ನೆಷ್ಟು ಹಾಗಿವೆ?"

"ಮೂರು."

ಯಾವ ಮೂರು ಎಂದು ಅವಳು ಕೇಳಲಿಲ್ಲ. ಅದು ಅವಳ ಒಳ್ಳೆಯತನ. ಇಬ್ಬರೂ ಸೇರಿ ಓದೋಣ ಎಂದು ಒಪ್ಪಂದವಾಯಿತು.

ಹಾಗಾಗಿ ನಾಲ್ಕನೇ ಸಲ ಅದೇ ಅಧ್ಯಾಯಕ್ಕೆ ಬಂದೆ. ಈ ಸಲ ದಾಟುವ ಆತುರವಿರಲಿಲ್ಲ, ಅವಳಿಗೆ ಉತ್ತರ ಕೊಡುವ ಜವಾಬ್ದಾರಿ ಇತ್ತು. ನಿಧಾನಕ್ಕೆ ಓದಿದಾಗ, ಮೂರು ಸಲ ಕಾಣದೇ ಹೋದದ್ದು ಕಂಡಿತು. ಆ ನಿರೂಪಕ ತಿಮಿಂಗಿಲಗಳನ್ನು ವಿಂಗಡಿಸುವುದು ಪುಸ್ತಕದ ಅಳತೆಗಳಲ್ಲಿ! ದೊಡ್ಡವು ಫೋಲಿಯೊ, ನಡುವಿನವು ಆಕ್ಟೇವೊ, ಪುಟಾಣಿಗಳು ಡುವೊಡೆಸಿಮೊ. ಒಂದೊಂದು ತಿಮಿಂಗಿಲವೂ ಒಂದೊಂದು ಅಧ್ಯಾಯ. ಅದು ಪಾಠವಲ್ಲ, ಗ್ರಂಥಾಲಯದ ಕಪಾಟು ಜೋಡಿಸುತ್ತಿರುವ ಒಬ್ಬ ಹುಚ್ಚನ ಆಟ. ವಿಜ್ಞಾನಿಗಳು ಏನೇ ಹೇಳಲಿ, ತಿಮಿಂಗಿಲ ಮೀನೇ ಎಂದು ಅವನು ಹಟ ಹಿಡಿಯುವುದೂ ಆ ಆಟದ ಭಾಗ. ಕೊನೆಗೆ ಜೋಡಿಸಿ ಮುಗಿಸುವುದೂ ಇಲ್ಲ. ಕೊಲೋನ್ ನಗರದ ದೊಡ್ಡ ಚರ್ಚಿನ ಗೋಪುರದ ಮೇಲೆ ಕ್ರೇನ್ ಹಾಗೇ ನಿಂತಿರುವಂತೆ ನನ್ನ ವಿಂಗಡಣೆಯನ್ನೂ ಅರ್ಧಕ್ಕೆ ಬಿಡುತ್ತೇನೆ, ಈ ಇಡೀ ಪುಸ್ತಕವೇ ಒಂದು ಕರಡಿನ ಕರಡು, ಎಂಬಂಥ ಮಾತು ಆಡಿ ಎದ್ದುಬಿಡುತ್ತಾನೆ. (ಆ ಚರ್ಚು ಪೂರ್ತಿಯಾದದ್ದು 1880ರಲ್ಲಿ, ಪುಸ್ತಕ ಬಂದು 29 ವರ್ಷಕ್ಕೆ.) ಪುಸ್ತಕವೇ ನಾನು ಮುಗಿದಿಲ್ಲ ಎಂದು ಒಪ್ಪಿಕೊಳ್ಳುವ ಪುಟದಲ್ಲಿ, ಮುಗಿಸಲಿಲ್ಲವೆಂಬ ನಾಚಿಕೆಯಿಂದ ನಾನು ಮೂರು ಸಲ ಎದ್ದು ಹೋಗಿದ್ದೆ.

ಈ ಪುಸ್ತಕದ ಮೊದಲ ವಿಮರ್ಶಕರಿಗೆ ಆದದ್ದು ಇದರ ಉಲ್ಟಾ. 1851ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅದು ಅಚ್ಚಾದಾಗ ಉಪಸಂಹಾರ ಹೇಗೋ ಬಿಟ್ಟುಹೋಗಿತ್ತು. ಹಡಗು ಮುಳುಗಿದ ಮೇಲೆ ನಿರೂಪಕ ಒಬ್ಬನೇ ಬದುಕಿ ಉಳಿದದ್ದನ್ನು ಹೇಳುವ ಒಂದೇ ಪುಟ ಅದು. ಎಲ್ಲರೂ ಸತ್ತ ಮೇಲೆ ಈ ಕಥೆ ಹೇಳುತ್ತಿರುವವನು ಯಾರು ಸ್ವಾಮಿ ಎಂದು ಅಲ್ಲಿನ ವಿಮರ್ಶಕರು ಗೇಲಿ ಮಾಡಿದರು. ಅವರ ಕೈಯಲ್ಲಿದ್ದ ಪ್ರತಿಗೆ ಆ ಗೇಲಿ ನ್ಯಾಯವೇ. ಮೆಲ್ವಿಲ್ ಆಮೇಲೆ 19 ವರ್ಷ ನ್ಯೂಯಾರ್ಕಿನ ಸುಂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು, 1891ರಲ್ಲಿ ತೀರಿಕೊಂಡಾಗ ಓದುಗರು ಅವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. ಹೊಗಳಿಕೆ ಶುರುವಾದದ್ದು 1919ರಲ್ಲಿ, ಅವರು ಹುಟ್ಟಿ ನೂರು ವರ್ಷವಾದ ಸುಮಾರಿಗೆ. (ಅಪ್ಪನಿಗೆ ಈ ಸುಂಕದ ಇಲಾಖೆಯ ವಿಷಯ ಹೇಳಬೇಕು. ಕೇಳುವ ಪ್ರಶ್ನೆ ಯಾವುದೆಂದು ಗೊತ್ತು.)

ತಿಮಿಂಗಿಲ ಪುಸ್ತಕಗಳ ಸಂಗತಿಯನ್ನು ಅವಳಿಗೆ ಹೇಳಲು ಸಂಭ್ರಮದಿಂದ ಫೋನ್ ಮಾಡಿದೆ. ಅವಳು ತಣ್ಣಗೆ ಹೇಳಿದಳು: "ನಾನು ಅದನ್ನ ಹಾರಿಸಿಬಿಟ್ಟೆ ಚಿಕ್ಕಮ್ಮ. 36ಕ್ಕೆ ಹೋದೆ. ಕ್ಯಾಪ್ಟನ್ ಚಿನ್ನದ ನಾಣ್ಯ ತಗೊಂಡು ಕಂಬಕ್ಕೆ ಮೊಳೆ ಹೊಡೀತಾನೆ, ಬಿಳಿ ತಿಮಿಂಗಿಲ ಮೊದಲು ಕಂಡವರಿಗೆ ಅದು ಅಂತಾನೆ. ಅಲ್ಲಿಂದ ನಿಲ್ಲಿಸೋಕೇ ಆಗ್ಲಿಲ್ಲ."

ಹಾರಿಸಬಾರದಿತ್ತು, ಅತ್ಯುತ್ತಮ ಅಧ್ಯಾಯ ಅದು, ಎಂದು ನಾನು ಭಾಷಣ ಶುರುಮಾಡಿದೆ. ಒಂದು ವಾರದ ಹಿಂದಿನವರೆಗೆ ಅದನ್ನು ದಾಟದವಳು. ಅವಳು ನಗುತ್ತಾ ಕೇಳಿಸಿಕೊಂಡಳು.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಅವಳ ಮೆಸೇಜು ಬಂತು. "ಆ ನಾಣ್ಯ ಮತ್ತೆ ಬಂತು. ಒಬ್ಬೊಬ್ಬರೇ ಬಂದು ಅದರ ಮುಂದೆ ನಿಂತು ನೋಡ್ತಾರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಕಾಣುತ್ತೆ. 99ನೇ ಅಧ್ಯಾಯ. ನಡುವೆ ಬೋರಾದ್ರೆ ಹಾರಿಸು, ಅಲ್ಲಿವರೆಗೆ ಮಾತ್ರ ಬಾ."

ಸದ್ಯ 58ರಲ್ಲಿದ್ದೇನೆ.